ಹದಿನಾರು ಹನ್ನೊಂದಾದರೆ ರಸ್ತೆ ಸುಧಾರಿಸಿತೇ?

ಸಾಗರ, 2026 ಜನವರಿ 4, ಭಾನುವಾರ

ಜನವರಿ ಬಂತೆಂದರೆ ಅಪಘಾತದ ವಾರ್ಷಿಕ ಲೆಕ್ಕ ಹೊರಬೀಳುವ ಹೊತ್ತು. ರಸ್ತೆ ಸುರಕ್ಷತಾ ಮಾಸವೂ ಇದೇ. ಹೋದ ವರ್ಷ ಇಷ್ಟು ಸಾವು, ಈ ವರ್ಷ ಇಷ್ಟು, ಶೇಕಡಾ ಇಷ್ಟು ಇಳಿಕೆ ಎಂಬ ಒಂದು ಸಾಲು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತದೆ. ಇಳಿದಿದ್ದರೆ ಎಲ್ಲರಿಗೂ ಸಮಾಧಾನ, ಏರಿದ್ದರೆ ಹಂಪ್ಸ್ ಹಾಕಿ ಎಂಬ ಒತ್ತಾಯ. ಸಣ್ಣ ಊರಿನ ಮಟ್ಟಿಗೆ ಎರಡಕ್ಕೂ ಬುಡವಿಲ್ಲ. ಆ ಸಾಲನ್ನು ಹೇಗೆ ಓದಬೇಕು, ಅದರ ಬದಲಿಗೆ ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ಇವತ್ತಿನ ಪುಟದಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ರಾಜ್ಯದ ಲೆಕ್ಕ. ಕರ್ನಾಟಕದಲ್ಲಿ 2019ರಲ್ಲಿ 40,658 ಅಪಘಾತ, 10,958 ಸಾವು. 2020ರಲ್ಲಿ 34,178 ಮತ್ತು 9,760. 2021ರಲ್ಲಿ 34,647 ಮತ್ತು 10,038. 2022ರಲ್ಲಿ 39,762 ಮತ್ತು 11,702. 2023ರಲ್ಲಿ 43,440 ಮತ್ತು 12,321. ಇದರಲ್ಲಿ 2020 ಮತ್ತು 2021 ಲಾಕ್‌ಡೌನ್ ವರ್ಷಗಳು. ಅವನ್ನು ಬುಡಕ್ಕಿಟ್ಟು ಹೋಲಿಸಿದರೆ ಆಮೇಲಿನ ಯಾವ ವರ್ಷವೂ ಭಯಂಕರ ಏರಿಕೆಯಾಗಿಯೇ ಕಾಣುತ್ತದೆ. ಹೋಲಿಸುವುದಿದ್ದರೆ 2019ರ ಜೊತೆ ಹೋಲಿಸಬೇಕು. ಇನ್ನೊಂದು ಗಮನಿಸಬೇಕಾದ್ದು ನೂರು ಅಪಘಾತಕ್ಕೆ ಎಷ್ಟು ಸಾವು ಎಂಬುದು. 2019ರಲ್ಲಿ ಅದು 27, 2022ರಲ್ಲಿ 29 ದಾಟಿತು, 2023ರಲ್ಲಿ 28ರ ಮೇಲಿದೆ. ಅಂದರೆ ಅಪಘಾತ ಹೆಚ್ಚಾದದ್ದಷ್ಟೇ ಅಲ್ಲ, 2019ಕ್ಕಿಂತ ಈಗಿನ ಪೆಟ್ಟು ಹೆಚ್ಚು ಮಾರಕವಾಗಿದೆ.

ರಾಜ್ಯದ ಸಂಖ್ಯೆ ದೊಡ್ಡದು, ಅದು ಸುಮ್ಮನೆ ಅಲ್ಲಾಡುವುದಿಲ್ಲ. ತಾಲ್ಲೂಕಿನ ಸಂಖ್ಯೆ ಹಾಗಲ್ಲ. ವರ್ಷಕ್ಕೆ ಸರಾಸರಿ 16 ಸಾವಾಗುವ ಒಂದು ತಾಲ್ಲೂಕು ಎಂದಿಟ್ಟುಕೊಳ್ಳಿ. ಇಂಥ ಸಣ್ಣ ಎಣಿಕೆ ತಾನಾಗಿಯೇ ಸುಮಾರು ತನ್ನ ವರ್ಗಮೂಲದಷ್ಟು ಏರಿಳಿಯುತ್ತದೆ, 16ರ ವರ್ಗಮೂಲ 4. ರಸ್ತೆ, ಓಡಾಟ, ಓಡಿಸುವವರ ರೀತಿ ಯಾವುದೂ ಬದಲಾಗದಿದ್ದರೂ ಮೂರರಲ್ಲಿ ಎರಡು ವರ್ಷ ಆ ಸಂಖ್ಯೆ 12ರಿಂದ 20ರ ನಡುವೆ ಎಲ್ಲಿಯಾದರೂ ಬೀಳುತ್ತದೆ. ಇಪ್ಪತ್ತರಲ್ಲಿ ಹತ್ತೊಂಬತ್ತು ವರ್ಷ 8ರಿಂದ 24ರ ಒಳಗೆ. ಎರಡು ವರ್ಷಗಳನ್ನು ಹೋಲಿಸಲು ಸುಲಭದ ಲೆಕ್ಕ ಒಂದಿದೆ: ಎರಡನ್ನೂ ಕೂಡಿಸಿ, ವರ್ಗಮೂಲ ತೆಗೆದು, ಇಮ್ಮಡಿ ಮಾಡಿ. ವ್ಯತ್ಯಾಸ ಅದಕ್ಕಿಂತ ಕಡಿಮೆಯಿದ್ದರೆ ಆಕಸ್ಮಿಕ ಏರಿಳಿತ ಎಂದೇ ತಿಳಿಯಬೇಕು. 16 ಇದ್ದದ್ದು 11ಕ್ಕೆ ಇಳಿದರೆ ಮೊತ್ತ 27, ವರ್ಗಮೂಲ 5 ಚಿಲ್ಲರೆ, ಇಮ್ಮಡಿ ಮಾಡಿದರೆ 10ರ ಮೇಲೆ. ವ್ಯತ್ಯಾಸ ಬರೀ 5. ಪತ್ರಿಕೆಯಲ್ಲಿ ಅದು ಶೇಕಡಾ 31 ಇಳಿಕೆ ಎಂದು ಬರುತ್ತದೆ, ಆದರೆ ರಸ್ತೆ ಸುಧಾರಿಸಿತು ಎನ್ನುವುದಕ್ಕೆ ಅಷ್ಟು ಸಾಲದು.

ಇದರಲ್ಲೂ ಒಂದು ಎಚ್ಚರ ಬೇಕು. ಪ್ರವೃತ್ತಿ ನೋಡುವಾಗ ಸತ್ತವರನ್ನಲ್ಲ, ಸಾವು ಸಂಭವಿಸಿದ ಅಪಘಾತಗಳನ್ನು ಎಣಿಸಬೇಕು. ಅಡಿಕೆ ಕೊಯ್ಲಿಗೆ ಆಳುಗಳನ್ನು ತುಂಬಿಕೊಂಡು ಹೊರಟ ಒಂದೇ ಪಿಕಪ್ ಮಗುಚಿದರೆ ಇಡೀ ವರ್ಷದ ಅಂಕಿ ಬದಲಾಗುತ್ತದೆ. ಜೀವಹಾನಿ ಐದಾದರೂ ರಸ್ತೆಯ ದೋಷ ಐದು ಕಡೆ ಇದೆ ಎಂದಾಗುವುದಿಲ್ಲ.

ಹಾಗಾಗಿ ನಮ್ಮಂಥ ಊರಿಗೆ ಮೂರು ವರ್ಷಗಳ ಗುಂಪೇ ಸರಿ. ಸಾಗರಕ್ಕೆ ಅದು ಇನ್ನೊಂದು ರೀತಿಯಲ್ಲೂ ಹೊಂದುತ್ತದೆ. ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, 2023ರಲ್ಲಿ ಆಗಿತ್ತು, ಈ ವರ್ಷ ಮತ್ತೆ ಬರುತ್ತಿದೆ. ಜಾತ್ರೆಯ ವರ್ಷವನ್ನು ಜಾತ್ರೆಯಿಲ್ಲದ ವರ್ಷದ ಜೊತೆ ಇಟ್ಟರೆ ಓಡಾಟದ ಲೆಕ್ಕವೇ ತಪ್ಪುತ್ತದೆ. ಮೂರರ ಗುಂಪು ಮಾಡಿದರೆ ಪ್ರತಿ ಗುಂಪಿಗೂ ಒಂದು ಜಾತ್ರೆ ಸಿಗುತ್ತದೆ.

ಇನ್ನು ಅಂಕಿ ಹುಟ್ಟುವ ಜಾಗ. ಠಾಣೆಯ ಲೆಕ್ಕಕ್ಕೆ ಬರುವುದು ಎಫ್‌ಐಆರ್ ಆದದ್ದು. ಬೈಕಿನಿಂದ ತಾನೇ ಬಿದ್ದು ಕಾಲು ಮುರಿದುಕೊಂಡವರಲ್ಲಿ ಹೆಚ್ಚಿನವರು ದೂರು ಕೊಡುವುದಿಲ್ಲ, ಏಕೆಂದರೆ ಕೇಸು ತಮ್ಮ ಮೇಲೇ ಬರುತ್ತದೆ. ಅಂಥವರು ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಸಿಗುತ್ತಾರೆ. ಸಣ್ಣ ಅಪಘಾತ ದಾಖಲಾಗದೆ ಹೋದಷ್ಟೂ ನೂರಕ್ಕೆ ಇಷ್ಟು ಸಾವು ಎಂಬ ಅಂಕಿ ಉಬ್ಬುತ್ತದೆ. ಮತ್ತೆ, ಅಪಘಾತವಾಗಿ 30 ದಿನದೊಳಗೆ ತೀರಿಕೊಂಡರೆ ಅದು ಅಪಘಾತದ ಸಾವು. ಇಲ್ಲಿ ಗಾಯಗೊಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ ಎರಡು ವಾರದ ಮೇಲೆ ಜೀವ ಹೋದರೆ ಆ ಪ್ರಕರಣ ಗಾಯದ ಕಾಲಂನಿಂದ ಸಾವಿನ ಕಾಲಂಗೆ ಹೋಗಬೇಕು. ಡಿಸೆಂಬರ್ ಕೊನೆಯ ಅಪಘಾತಗಳಿಗೆ ಜನವರಿ ಮುಗಿಯುವವರೆಗೂ ಈ ಬದಲಾವಣೆ ಬರುತ್ತಿರುತ್ತದೆ. ಮೊದಲ ವಾರದಲ್ಲಿ ಕೊಡುವ ಅಂಕಿ ಪೂರ್ತಿಯಲ್ಲ, ಫೆಬ್ರವರಿಯಲ್ಲಿ ಇನ್ನೊಮ್ಮೆ ಕೇಳಬೇಕು.

2024ರ ಲೆಕ್ಕ ತೆಗೆಯುವವರು ಎಡವುವ ಜಾಗ ಬೇರೆ. ಜುಲೈ 1ರಿಂದ ಹಳೇ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದುವರೆಗೆ ಅಪಘಾತದ ಕೇಸಿಗೆ ಹಾಕುತ್ತಿದ್ದ 279, 337, 338, 304(ಎ) ಕಲಂಗಳು 281, 125(ಎ), 125(ಬಿ), 106(1) ಆದವು. ಹಳೇ ಕಲಂ ಹಾಕಿ ಹುಡುಕಿದರೆ ಅರ್ಧ ವರ್ಷವೇ ಮಾಯ. ಎರಡನ್ನೂ ಹಾಕಿ ಹುಡುಕಬೇಕು.

ಎಷ್ಟು ಸಾವು ಎಂಬುದಕ್ಕಿಂತ ಎಲ್ಲಿ, ಎಷ್ಟು ಗಂಟೆಗೆ, ಏನಕ್ಕೆ ಏನು ಬಡಿದು ಎಂಬುದೇ ಮುಖ್ಯ. ಈಗ ಪೊಲೀಸರು ಸ್ಥಳದಲ್ಲೇ ಐರಾಡ್ ಆ್ಯಪ್‌ನಲ್ಲಿ ಅಕ್ಷಾಂಶ ರೇಖಾಂಶ ಸಮೇತ ದಾಖಲಿಸುತ್ತಾರೆ. ಮೊದಲ ಹಂತದಲ್ಲಿ ಅದನ್ನು ಜಾರಿಗೆ ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸರ್ಕಾರಿ ಲೆಕ್ಕದಲ್ಲಿ ಬ್ಲ್ಯಾಕ್ ಸ್ಪಾಟ್ ಎಂದರೆ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷ ಸೇರಿ ಸಾವು ಇಲ್ಲವೇ ತೀವ್ರ ಗಾಯದ 5 ಅಪಘಾತ, ಅಥವಾ 10 ಸಾವು. ಮಲೆನಾಡಿನ ಒಳರಸ್ತೆಗಳಲ್ಲಿ ವಾಹನ ಕಡಿಮೆ, ಅಲ್ಲಿ ಈ ಮಿತಿ ಮುಟ್ಟುವುದೇ ಕಷ್ಟ. ಹಾಗಾಗಿ ಒಂದೇ ಜಾಗದಲ್ಲಿ ಒಂದೇ ರೀತಿಯ ಮೂರು ಅಪಘಾತ ಕಂಡರೆ, ಉದಾಹರಣೆಗೆ ಮೂರೂ ಸಂಜೆ ಏಳರ ಹೊತ್ತಿಗೆ ಹಿಂದಿನಿಂದ ಟ್ರೇಲರ್‌ಗೆ ಗುದ್ದಿದ್ದಾದರೆ, ಪಟ್ಟಿಗೆ ಸೇರುವವರೆಗೆ ಕಾಯದೆ ಅಲ್ಲಿ ಕೆಲಸ ಶುರು ಮಾಡಬೇಕು.

ನಮ್ಮ ಕಡೆ ಎಲ್ಲದಕ್ಕೂ ಮಳೆಯನ್ನು, ತಿರುವನ್ನು ದೂರುವ ರೂಢಿಯಿದೆ. ದೇಶದ 2022ರ ಲೆಕ್ಕದಲ್ಲಿ ಮುಕ್ಕಾಲು ಪಾಲು ಅಪಘಾತ ಆಗಿರುವುದು ಒಣ ಹವೆಯಲ್ಲಿ, ಮೂರರಲ್ಲಿ ಎರಡು ಪಾಲು ನೇರ ರಸ್ತೆಯಲ್ಲಿ. ಹತ್ತಿರ ಹತ್ತಿರ ಐದನೇ ಒಂದು ಪಾಲು ಸಂಜೆ 6ರಿಂದ 9ರ ನಡುವೆ. ತಿರುವಿನಲ್ಲಿ ಲಾರಿಯ ಹಿಂದೆ ಹತ್ತು ನಿಮಿಷ ತಾಳ್ಮೆಯಿಂದ ಬಂದವರು ಮೊದಲ ನೇರ ಸಿಕ್ಕ ಕೂಡಲೇ ಓವರ್‌ಟೇಕಿಗೆ ನುಗ್ಗುತ್ತಾರೆ. ಮುಖಾಮುಖಿ ಆಗುವುದು ಅಲ್ಲೇ. ಮಳೆಯಲ್ಲೂ ಅಪಾಯ ಜಡಿಮಳೆಯದಲ್ಲ. ಬೇಸಿಗೆಯಿಡೀ ಕೂತ ಧೂಳು, ಡೀಸೆಲ್ ಜಿಡ್ಡು ಮೊದಲ ಹನಿಗೆ ಲೇಹದ ಹಾಗೆ ಆಗುವ ಏಪ್ರಿಲ್ ಮೇ ತಿಂಗಳ ಮೊದಲ ಅರ್ಧ ಗಂಟೆ ಜಾರಿಕೆ, ಆಮೇಲೆ ಜುಲೈಯಲ್ಲಿ ಮರದ ನೆರಳಿನ ಟಾರಿಗೆ ಪಾಚಿ ಕಟ್ಟಿದ ಮೇಲಿನ ಜಾರಿಕೆ.

ಮಳೆ ನಿಜವಾಗಿ ಹಾಳು ಮಾಡುವುದು ರಸ್ತೆಯ ಅಂಚನ್ನು. ಇದನ್ನು ಬಗ್ಗಿ ನೋಡಬೇಕು. ಪ್ರತಿ ಸಲ ಡಾಂಬರು ಹಾಕುವಾಗ ರಸ್ತೆ 3ರಿಂದ 5 ಸೆಂಟಿಮೀಟರ್ ಮೇಲೇಳುತ್ತದೆ. ಪಕ್ಕದ ಮಣ್ಣು ಇದ್ದಲ್ಲೇ ಇರುತ್ತದೆ. ಮೂರು ತಿಂಗಳ ಮಳೆ ಆ ಮಣ್ಣನ್ನೂ ಕೊರೆದು ಚರಂಡಿಗೆ ಒಯ್ಯುತ್ತದೆ. ಟಾರಿನ ಅಂಚಿಗೆ ಒಂದು ಸ್ಕೇಲು ನಿಲ್ಲಿಸಿ ಅಳೆಯಿರಿ. 5 ಸೆಂಟಿಮೀಟರ್ ದಾಟಿದ್ದರೆ ದ್ವಿಚಕ್ರಕ್ಕೆ ಅದು ಗೋಡೆಯೇ. ಎದುರಿನ ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಸ್ಕೂಟರ್ ಮತ್ತೆ ಹತ್ತಲು ನೋಡುತ್ತದೆ. ಟೈರಿನ ಪಕ್ಕ ಅಂಚಿಗೆ ಉಜ್ಜಿಕೊಂಡು ಮೇಲೆ ಬರುವುದಿಲ್ಲ. ಸವಾರ ಹ್ಯಾಂಡಲ್ ಇನ್ನಷ್ಟು ತಿರುಗಿಸುತ್ತಾನೆ. ಚಕ್ರ ತಟ್ಟನೆ ಹತ್ತಿದಾಗ ಗಾಡಿ ಅಡ್ಡ ತಿರುಗಿ ಬೀಳುತ್ತದೆ, ಇಲ್ಲವೇ ಎದುರಿನ ಪಾಲಿಗೆ ನುಗ್ಗುತ್ತದೆ. ದಾಖಲೆಯಲ್ಲಿ ಅದು ಅತಿವೇಗ, ಅಜಾಗರೂಕತೆ. ಅಂಚಿನ ಮಾತು ಎಲ್ಲೂ ಬರುವುದಿಲ್ಲ. ಮದ್ದು ಸುಲಭ: ಗ್ರಾವೆಲ್ ಮಣ್ಣು ತುಂಬಿ, ನೀರು ಚಿಮುಕಿಸಿ, ರೋಲರ್ ಹೊಡೆದು, ಚರಂಡಿಯ ಕಡೆ ತುಸು ಇಳಿಜಾರು ಕೊಡುವುದು. ಬರೀ ಮಣ್ಣು ಸುರಿದು ಹೋದರೆ ಮೊದಲ ಮಳೆಗೇ ಹೋಯಿತು. ಈ ಕೆಲಸ ಅಕ್ಟೋಬರ್‌ನಿಂದ ಮೇ ಒಳಗೆ ಆಗಬೇಕು.

ಹಂಪ್ಸ್ ವಿಷಯ. ರಸ್ತೆಯ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟುವಂಥದ್ದು. ಊರಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವುದು ಎರಡಡಿ ಅಗಲದ, ಗೇಣುದ್ದ ಎತ್ತರದ ಒಡ್ಡು. ಹಿಂದೆ ಕೂತ ಹೆಂಗಸರು, ಮಡಿಲಲ್ಲಿ ಕೂಸಿರುವವರು ಅದರ ಮೇಲೇ ಹಾರಿ ಬೀಳುತ್ತಾರೆ. ಸೂಚನಾ ಫಲಕ 40 ಮೀಟರ್ ಮೊದಲೇ ಇರಬೇಕು, ಕಪ್ಪು ಬಿಳಿ ಪಟ್ಟೆ ವರ್ಷವಿಡೀ ಕಾಣಬೇಕು. 60ರಲ್ಲಿ ಬರುವ ವಾಹನ ನಿಲ್ಲಲು 80 ಮೀಟರ್ ಬೇಕು, 40ರಲ್ಲಿ ಬಂದರೆ 45 ಸಾಕು. ಕಾಣದ ಉಬ್ಬಿನ ಮುಂದೆ ಈ 80 ಮೀಟರ್ ಯಾರಿಗೂ ಸಿಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯ ಮೇಲೆ ಹಂಪ್ಸ್ ಕೂಡದೆಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಹೇಳಿದೆ. ಊರೊಳಗೆ ಹಾದುಹೋಗುವ ಹೆದ್ದಾರಿ ಬಿ.ಎಚ್. (ಬೆಂಗಳೂರು-ಹೊನ್ನಾವರ) ರಸ್ತೆಗೆ ಸೇರುವ ಅಡ್ಡರಸ್ತೆಗಳ ಬಾಯಿಗೆ ಸರಿಯಾದ ಉಬ್ಬು ಹಾಕಿದರೆ ಹೆದ್ದಾರಿಗೆ ನುಗ್ಗುವ ಬೈಕು ಅಲ್ಲೇ ನಿಧಾನವಾಗುತ್ತದೆ. ಕೇಳಬೇಕಾದ್ದು ಅದನ್ನು.

ಇನ್ನೊಂದು ಭ್ರಮೆ ಇಲ್ಲೇ ಹುಟ್ಟುತ್ತದೆ. ಒಂದು ವರ್ಷ ಅಪಘಾತ ಹೆಚ್ಚಾದ ಜಾಗಕ್ಕೆ ಹಂಪ್ಸ್ ಹಾಕುತ್ತಾರೆ, ಮರುವರ್ಷ ಕಡಿಮೆಯಾಗುತ್ತದೆ. ಏನೂ ಮಾಡದಿದ್ದರೂ ಬಹುಪಾಲು ಕಡಿಮೆಯಾಗುತ್ತಿತ್ತು, ಏಕೆಂದರೆ ಹಿಂದಿನ ವರ್ಷ ಆಕಸ್ಮಿಕವಾಗಿ ಮೇಲೇರಿತ್ತು. ಮುಂಚಿನ ಮೂರು ವರ್ಷ, ಆಮೇಲಿನ ಮೂರು ವರ್ಷ ಇಟ್ಟು ನೋಡದೆ ಯಾವ ಕಾಮಗಾರಿಗೂ ಶ್ರೇಯಸ್ಸು ಕೊಡಬಾರದು.

ಕೊಯ್ಲಿನ ಕಾಲವಾದ್ದರಿಂದ ಈ ತಿಂಗಳು ತುರ್ತಾಗಿ ಆಗಬೇಕಾದದ್ದು ಟ್ರೇಲರ್‌ಗಳ ಹಿಂಬದಿ. ಆರೂವರೆಗೆ ಕತ್ತಲು, ಹುಲ್ಲು ಹೇರಿದ ಟ್ರೇಲರ್‌ಗೆ ಹಿಂದೆ ದೀಪವಿಲ್ಲ, ಇದ್ದ ರಿಫ್ಲೆಕ್ಟರ್ ಕೆಸರಲ್ಲಿ ಮುಚ್ಚಿರುತ್ತದೆ. ಎರಡಿಂಚಿನ ಪ್ರತಿಫಲನ ಪಟ್ಟಿ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಅಂಟಿಸುವ ಮೊದಲು ತಗಡನ್ನು ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ತುಕ್ಕಿದ್ದರೆ ಉಜ್ಜಬೇಕು. ಇಲ್ಲದಿದ್ದರೆ ವಾರಕ್ಕೇ ಸುರುಳಿ ಏಳುತ್ತದೆ. ಹಿಂದಿನ ಹಲಗೆಯ ಕೆಳಗಿನ ಅಂಚಿಗೆ ಅಂಟಿಸುವುದು ಒಳ್ಳೆಯದು, ಮೇಲಿನ ಅಂಚನ್ನು ಜೋತ ಹುಲ್ಲು ಮುಚ್ಚುತ್ತದೆ. ಗದ್ದೆ ಕೆಲಸದ ಕಬ್ಬಿಣದ ಚಕ್ರ, ಕೇಜ್ ವೀಲ್ ಸಮೇತ ಟಾರಿಗೆ ಹತ್ತುವುದಂತೂ ಬೇಡವೇ ಬೇಡ.

ಹೆಲ್ಮೆಟ್ ಬಗ್ಗೆ ಒಂದೇ ಮಾತು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಹಿಂಬದಿ ಕೂತವರು. ಪಟ್ಟಿ ಬಿಗಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಉಳಿಯಬಾರದು. ಇಲ್ಲಿಂದ ಮೆಗ್ಗಾನ್‌ಗೆ 70 ಕಿಲೋಮೀಟರ್ ಮೇಲಿದೆ. ತಲೆಗೆ ಪೆಟ್ಟಾದವರಿಗೆ ಆ ದೂರ ಬಹಳ ದೊಡ್ಡದು.

ಸಂಜೆ ಸೇರಿಸಿದ್ದು:

ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆಯ ವಿಷಯ ಬರೆಯುವುದು ಉಳಿದಿತ್ತು. ಸೇತುವೆ ತೆರೆದ 2025ರ ಜುಲೈ 14ರವರೆಗೆ ಹೊಳೆಬಾಗಿಲಲ್ಲಿ ಲಾಂಚ್ ಎಷ್ಟು ಗಾಡಿ ಹತ್ತಿಸಿಕೊಳ್ಳುತ್ತಿತ್ತೋ ಅಷ್ಟೇ ಓಡಾಟ, ರಾತ್ರಿ ದಾರಿ ಬಂದ್. ಈಗ ಹಗಲೂ ರಾತ್ರಿ ದಾಟಬಹುದು. ಆವಿನಹಳ್ಳಿ ಕಡೆಯ ರಸ್ತೆಯ ಹಳೆಯ ಅಪಘಾತದ ಅಂಕಿಯನ್ನು ಇನ್ನು ಮುಂದಿನದರ ಜೊತೆ ಹಾಗೇ ಹೋಲಿಸಲು ಬರುವುದಿಲ್ಲ. 2025 ಅರ್ಧ ಲಾಂಚಿನದು, ಅರ್ಧ ಸೇತುವೆಯದು. ಪೂರ್ತಿ ಸೇತುವೆಯ ಮೊದಲ ವರ್ಷ 2026. ಅಪಘಾತದ ಅಂಕಿಯನ್ನು ಸಾಗರದಲ್ಲಿ (ಕೆಎ-15) ನೋಂದಣಿಯಾದ ಗಾಡಿಗಳ ಸಂಖ್ಯೆಯಿಂದ ಭಾಗಿಸಿಯೂ ಪ್ರಯೋಜನವಿಲ್ಲ, ಬರುವ ಗಾಡಿಗಳಲ್ಲಿ ಹೊರಗಿನವೇ ಬಹಳ. ಅಂದಮೇಲೆ ರಸ್ತೆ ಬದಿ ಕೂತು ಎಣಿಸಲೇಬೇಕು: ಬೈಕು, ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರ್, ನಡೆದು ಹೋಗುವವರು, ಹದಿನೈದು ನಿಮಿಷಕ್ಕೊಂದು ಸಾಲು, ಎರಡೂ ದಿಕ್ಕಿಗೆ ಬೇರೆ ಬೇರೆ ಹಾಳೆ. ಒಬ್ಬರಿಗೆ ಎರಡು ತಾಸಿಗಿಂತ ಹೆಚ್ಚು ಕೊಟ್ಟರೆ ಗೀಟು ತಪ್ಪುತ್ತದೆ.

ಸಂಕ್ರಾಂತಿಯ ವಾರ ಬೇಡ, ಜಾತ್ರೆಯ ಹೊತ್ತೂ ಬೇಡ. ಜನವರಿ 18ರ ಭಾನುವಾರ ಒಂದು ಎಣಿಕೆ, 21ರ ಬುಧವಾರ ಇನ್ನೊಂದು, ಬೆಳಗ್ಗೆ 6ರಿಂದ ರಾತ್ರಿ 9ರವರೆಗೆ. ಸಂಜೆ 6ರಿಂದ 9ರ ಹಾಳೆಗೆ ದೀಪವಿಲ್ಲದ ಗಾಡಿಗಳಿಗೆಂದು ಒಂದು ಕಾಲಂ ಹೆಚ್ಚಿಗೆ ಹಾಕಬೇಕು.