ಅಳಿಸಿದ ಪತ್ರಗಳು ಎಲ್ಲಿಗೂ ಹೋಗಿರಲಿಲ್ಲ

"ಎಲ್ಲಾ ಅಳಿಸಿಬಿಟ್ಟೆನಲ್ಲಮ್ಮಾ, ಮತ್ತೆ ಯಾಕೆ ಡಿಸ್ಕ್ ತುಂಬಿದೆ ಅಂತಿದೆ ಇದು?"

ಮೇಷ್ಟ್ರು ಸೋಮವಾರ ಕೇಳಿದ ಈ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟ ಇತ್ತು.

ಮೇಷ್ಟ್ರು ಮೇಲ್ ನೋಡುವುದು ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶದಲ್ಲಿ. ಬಂದ ಪತ್ರವೆಲ್ಲ ಮನೆ ಕಂಪ್ಯೂಟರಿಗೇ ಇಳಿಯುತ್ತದೆ, ಸರ್ವರ್‌ನಲ್ಲಿ ಉಳಿಯುವುದಿಲ್ಲ. ಹಳೇ ವಿದ್ಯಾರ್ಥಿಗಳು ಮಗುವಿನ ಫೋಟೋ, ಮದುವೆ ಕರೆಯೋಲೆ, ತಿದ್ದಿಕೊಡಿ ಅಂತ ಪಿಎಚ್‌ಡಿ ಅಧ್ಯಾಯ, ಎಲ್ಲಾ ಕಳಿಸುತ್ತಾರೆ. ಡಿಸ್ಕ್ ತುಂಬಿದಾಗ ರಿಪೇರಿ ಅಂಗಡಿಯ ಹುಡುಗ "ಮೇಲ್ ಜಾಸ್ತಿ ಆಗಿದೆ, ಅಳಿಸಿ ಸರ್. ಸಾಲದಿದ್ರೆ ಹೊಸ ಡಿಸ್ಕ್ ಹಾಕಿಸಿ" ಅಂದನಂತೆ. ಇವರು ರಾತ್ರಿ ಕೂತು ಒಂದೊಂದೇ ಪತ್ರ ತೆಗೆದು ಓದಿ, ಮನಸ್ಸು ಗಟ್ಟಿ ಮಾಡಿಕೊಂಡು ಅಳಿಸಿದ್ದಾರೆ. ಟ್ರ್ಯಾಶ್ ಕೂಡ ಖಾಲಿ ಮಾಡಿದ್ದಾರೆ. ಇಷ್ಟಾದರೂ ಸಿಕ್ಕ ಜಾಗ ಅಷ್ಟಕ್ಕಷ್ಟೆ.

ಫೋಲ್ಡರ್ ತೆರೆದು ನೋಡಿದೆ. ಪಟ್ಟಿಯಲ್ಲಿ ಕಾಣುವ ಪತ್ರಗಳು ನೂರು ಚಿಲ್ಲರೆ. ಇನ್‌ಬಾಕ್ಸ್ ಫೈಲ್ ಮಾತ್ರ 11 ಜಿಬಿ.

ಥಂಡರ್‌ಬರ್ಡ್ ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಸಾಮಾನ್ಯವಾಗಿ ಒಂದೇ ಫೈಲಿನಲ್ಲಿ ಸಾಲಾಗಿ ಬರೆದಿಡುತ್ತದೆ. ಅಳಿಸಿದಾಗ ಪತ್ರವನ್ನು ಅಲ್ಲಿಂದ ತೆಗೆಯುವುದಿಲ್ಲ, ಅಳಿಸಿದೆ ಅಂತ ಗುರುತು ಮಾತ್ರ ಹಾಕುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಗೀಟು ಎಳೆದ ಹಾಗೆ, ಪುಸ್ತಕ ತೆಳ್ಳಗಾಗುವುದಿಲ್ಲ. ಫೋಲ್ಡರನ್ನು ಕಂಪ್ಯಾಕ್ಟ್, ಅಂದರೆ ಅಡಕ, ಮಾಡಿದಾಗ ಉಳಿದ ಪತ್ರಗಳನ್ನಷ್ಟೇ ಹೊಸ ಫೈಲಿಗೆ ಬರೆದು ಹಳೆಯದನ್ನು ತೆಗೆದುಹಾಕುತ್ತದೆ. ಜಾಗ ಸಿಗುವುದು ಆಗಲೇ. ಹೊಸ ಫೈಲ್ ಬರೆಯಲೂ ಜಾಗ ಬೇಕು, ಡಿಸ್ಕ್ ಪೂರ್ತಿ ತುಂಬಿದ ಮೇಲೆ ಅದೂ ಕಷ್ಟ. ಕಂಪ್ಯಾಕ್ಟ್ ಮಾಡಲೇ ಅಂತ ಇವರ ಕಂಪ್ಯೂಟರ್ ಆಗಾಗ ಇಂಗ್ಲಿಷಿನಲ್ಲಿ ಕೇಳಿದೆ. ಏನು ಹೋಗಿಬಿಡುತ್ತೋ ಅಂತ ಮೇಷ್ಟ್ರು ಪ್ರತಿ ಸಲ ಬೇಡ ಅಂತಲೇ ಒತ್ತಿದ್ದಾರೆ.

ಆ ಬೇಡ ಅನ್ನುವ ಉತ್ತರವೇ ಅವರನ್ನು ಕಾಪಾಡಿದ್ದು. ಫೈಲನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಪ್ರತಿ ಪತ್ರದ ತಲೆಯಲ್ಲಿ 'ಎಕ್ಸ್-ಮೊಝಿಲ್ಲಾ-ಸ್ಟೇಟಸ್' ಅಂತ ಒಂದು ಸಾಲು ಇರುತ್ತದೆ. ಓದಿದ ಪತ್ರಕ್ಕೆ 0001, ಓದಿ ಅಳಿಸಿದ್ದಕ್ಕೆ 0009. ನಕಲಿನಲ್ಲಿ ಆ 9ನ್ನೆಲ್ಲ 1 ಮಾಡಿ, ನನ್ನ ಲ್ಯಾಪ್‌ಟಾಪಿನ ಥಂಡರ್‌ಬರ್ಡ್‌ನಲ್ಲಿ ತೆರೆದೆ. ಪತ್ರಗಳು ಸಾಲು ಸಾಲಾಗಿ ಬಂದವು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ತೀರಿಹೋದ ಶಿಷ್ಯನೊಬ್ಬ ಕಳಿಸಿದ್ದ ಪತ್ರದ ಹತ್ತಿರ ಬೆರಳಿಟ್ಟು "ಇದನ್ನೂ ಅಳಿಸಿದ್ದೆ ಕಣಮ್ಮಾ" ಅಂದರು.

ನನಗೆ ಸಿಟ್ಟು ಬಂದದ್ದು ಆಗ. ಅಂಗಡಿಯ ಹುಡುಗ ಕೆಟ್ಟವನಲ್ಲ, ಕೆಲಸ ಅರ್ಧಂಬರ್ಧ ಕಲಿತವನು. ಆದರೆ ಪತ್ರ ಅಳಿಸಿ ಅನ್ನುವ ಮುಂಚೆ ಫೈಲ್ ಎಷ್ಟು ದೊಡ್ಡದಿದೆ ಅಂತ ನೋಡಬೇಕಿತ್ತು ಅಲ್ವಾ? ತಂತ್ರಾಂಶ ಬರೆದವರ ಮೇಲೂ ನನ್ನ ದೂರಿದೆ. ಅಳಿಸಿದರೆ ಜಾಗ ಸಿಗುವುದಿಲ್ಲ, ಕಂಪ್ಯಾಕ್ಟ್ ಮಾಡಿದರೆ ಸಿಗುತ್ತದೆ, ಆಮೇಲೆ ಪತ್ರ ವಾಪಸ್ ಬರುವುದಿಲ್ಲ. ಮೂರು ಮಾತು, ಕನ್ನಡದಲ್ಲಿ, ಕಂಪ್ಯಾಕ್ಟ್ ಮಾಡಲೇ ಅಂತ ಕೇಳುವ ಆ ಪೆಟ್ಟಿಗೆಯಲ್ಲೇ ಹೇಳಬಹುದಲ್ಲ. ವಯಸ್ಸಾದವರಿಗೆ ಕಂಪ್ಯೂಟರ್ ಗೊತ್ತಾಗಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮೇಷ್ಟ್ರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಕೊಡುವವರು ಇರಲಿಲ್ಲ ಅಷ್ಟೆ.

ಬೇಕಾದ ಪತ್ರಗಳನ್ನೆಲ್ಲ ಆ ಹೊರಗಿನ ಡಿಸ್ಕಿನಲ್ಲಿ ಉಳಿಸಿ, ಎರಡೆರಡು ಸಲ ತೆರೆದು ನೋಡಿ, ಆಮೇಲೆ ಅವರ ಕಂಪ್ಯೂಟರಿನಲ್ಲಿ ಕಂಪ್ಯಾಕ್ಟ್ ಮಾಡಿದೆವು. ಗುಂಡಿ ಒತ್ತಿದ್ದು ಮೇಷ್ಟ್ರೇ. 11 ಜಿಬಿ ಇದ್ದದ್ದು 2ಕ್ಕೆ ಇಳಿಯಿತು. ಹೊಸ ಡಿಸ್ಕಿನ ಮಾತು ಅಲ್ಲಿಗೆ ಮುಗಿಯಿತು.

"ಆ ಹುಡುಗನಿಗೂ ಇದನ್ನು ಹೇಳಿಕೊಡಮ್ಮಾ, ದಿನಾ ಎಷ್ಟು ಜನ ಬರ್ತಾರೋ ಅವನ ಹತ್ರ" ಅಂದರು. ಶನಿವಾರ ಇಬ್ಬರೂ ಅಂಗಡಿಗೆ ಹೋಗುತ್ತಿದ್ದೇವೆ.