ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡು

"ಅರ್ಥ ಆಯ್ತಾ?"
"ಆಯ್ತು ಸಾರ್!"

ದಿನಕ್ಕೆ ಹತ್ತಾರು ಸಲ ನಡೆಯುವ ಈ ಜುಗಲ್‌ಬಂದಿಯಿಂದ ಯಾರಿಗೆ ಎಷ್ಟು ತಿಳಿಯಿತು ಎಂಬುದೊಂದು ಮಾತ್ರ ತಿಳಿಯುವುದಿಲ್ಲ. "ಓದಿನಲ್ಲಿ ಆಸಕ್ತಿಯೇ ಇಲ್ಲ" ಎಂಬ ಹಣೆಪಟ್ಟಿ ಹೊತ್ತ ಎಷ್ಟೋ ಮಕ್ಕಳಿಗೆ ಯೋಚಿಸಲು ಪುರುಸೊತ್ತೇ ಸಿಕ್ಕಿರುವುದಿಲ್ಲ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪಾಠಗಳ ಧ್ವನಿಮುದ್ರಣ ಕೇಳಿ ಇದನ್ನು ಅಳೆದರು. ಪ್ರಶ್ನೆ ಎಸೆದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು 1 ಸೆಕೆಂಡು. ದಡ್ಡರೆಂದು ಎಣಿಸಿದ್ದವರಿಗೆ, ಜಾಣರಿಗಿಂತಲೂ ಕಡಿಮೆ! 3 ಸೆಕೆಂಡು ಕಾಯತೊಡಗಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿಬಿಟ್ಟರು.

ಕೇಳಲು ಸುಲಭ, ಮಾಡಲು ಕಷ್ಟ. ಮೌನ ತಡೆಯಲಾಗದೆ ಮೇಷ್ಟ್ರು ಪ್ರಶ್ನೆಯನ್ನೇ ಬದಲಿಸಿ ಕೇಳುತ್ತಾರೆ. ಅರ್ಧ ಯೋಚಿಸಿದ್ದ ಹುಡುಗಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಹೆಸರು ಮೊದಲು ಕರೆದು ಆಮೇಲೆ ಪ್ರಶ್ನೆ ಕೇಳಿದರೆ 40 ಮಕ್ಕಳ ತರಗತಿಯಲ್ಲಿ ಉಳಿದ 39 ಜನ ನಿರಾಳ. ಹಾಗಾಗಿ ಮೊದಲು ಪ್ರಶ್ನೆ, ಮನಸ್ಸಿನಲ್ಲೇ ಮೂರರವರೆಗೆ ಎಣಿಕೆ, ಆಮೇಲೆ ಹೆಸರು. ಕೈ ಎತ್ತುವವರು ಸದಾ ಮುಂದಿನ ಬೆಂಚಿನವರೇ ಆಗಿದ್ದರೆ ಡಬ್ಬಿಯಿಂದ ರೋಲ್ ನಂಬರ್ ಚೀಟಿ ಎತ್ತಿ. ಆದರೆ ಚೀಟಿ ಎತ್ತುವ ಮುಂಚೆ ಅರ್ಧ ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಡಿ, ಇಲ್ಲದಿದ್ದರೆ ಅದು ಬರೀ ಹೆದರಿಸುವ ಆಟವಾದೀತು. ಉತ್ತರ ಬಂದ ಕೂಡಲೇ "ಗುಡ್" ಎನ್ನದೆ ಇನ್ನೊಂದು ಮೂರು ಸೆಕೆಂಡು ತಡೆಯಿರಿ. ಮಗು ತಾನೇ "ಯಾಕೆಂದ್ರೆ..." ಎಂದು ಮುಂದುವರಿಸುವುದು ಆ ಬಿಡುವಿನಲ್ಲೇ. ಏಳೆಂಟ್ಲ ಐವತ್ತಾರು ಎಂಬಂಥ ಬಾಯಿಪಾಠಕ್ಕೆ ಇಷ್ಟೆಲ್ಲ ಬೇಡ.

ಮನೆಯಲ್ಲಿ ಇದೇ ಆತುರಕ್ಕೆ ಬೇರೆ ವೇಷ. ಲೆಕ್ಕದಲ್ಲಿ ಪೆನ್ಸಿಲ್ ನಿಂತ ಕೂಡಲೇ ಅಪ್ಪ ಅದನ್ನು ಕಿತ್ತುಕೊಂಡು ತಾನೇ ಬಿಡಿಸುತ್ತಾನೆ. ಹೋಂವರ್ಕ್ ಮುಗಿಯಿತು, ನಿಜ. ಸಿಕ್ಕಿಕೊಂಡರೆ ಸುಮ್ಮನೆ ಕೂತರಾಯಿತು ಎಂಬ ಪಾಠವೂ ಆಯಿತು. "ಎಷ್ಟು ಬಂತು?" ಎಂದು ಕೇಳುವ ಬದಲು "ಎಲ್ಲಿವರೆಗೆ ಗೊತ್ತಾಯ್ತು, ತೋರಿಸು" ಎನ್ನಿ. ಇದಕ್ಕೆ ಬೀಜಗಣಿತ ಬರಬೇಕಿಲ್ಲ, ಅಕ್ಷರ ಬಾರದ ಅಜ್ಜಿಯೂ ಕೇಳಬಹುದು. ತೋರಿಸುವಾಗ ತಪ್ಪು ಎಷ್ಟೋ ಸಲ ಮಗುವಿಗೇ ಕಾಣುತ್ತದೆ, ಟಿ.ವಿ. ಆಫ್ ಆಗಿದ್ದರೆ.