ಹಳೆಯ ಕಂಪ್ಯೂಟರನ್ನು ಅಂದೇ ಕೊಟ್ಟುಬಿಡಬೇಡಿ

ಮೈಸೂರು, ಮಂಡ್ಯಗಳ ಮನೆಗಳಲ್ಲಿ ಮತ್ತು ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಹೀಗಾಗಿ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಯಂತ್ರಗಳನ್ನೂ ಜನ ಬದಲಿಸುತ್ತಿದ್ದಾರೆ. "ಹೊಸದು ಬಂದಿದೆ, ಹಳೆಯದರಲ್ಲಿ ಇರುವುದನ್ನೆಲ್ಲ ಇದಕ್ಕೆ ಹಾಕಿಕೊಡಿ" ಎಂದು ಕರೆಯುತ್ತಾರೆ.

ಆ "ಇರುವುದನ್ನೆಲ್ಲ" ಎಂಬುದರಲ್ಲಿ ಏನೇನು ಸೇರುತ್ತದೆ ಎಂದು ಕೇಳಿದರೆ ಫೋಟೊ, ವರ್ಡ್ ಕಡತ, ಮೇಲ್ ಎನ್ನುತ್ತಾರೆ. ಉಳಿದದ್ದು ನೆನಪಿಗೆ ಬರುವುದು ಅದು ಸಿಗದೆ ಹೋದಾಗಲೇ. ಆದ್ದರಿಂದ ನಾನು ಮೊದಲು ಏನನ್ನೂ ನಕಲು ಮಾಡುವುದಿಲ್ಲ. ಹಳೆಯ ಯಂತ್ರದ ಮುಂದೆ ಅವರನ್ನೇ ಕೂರಿಸಿ, ದಿನವೂ ಮಾಡುವ ಕೆಲಸವನ್ನು ಮಾಡಿ ತೋರಿಸಿ ಎನ್ನುತ್ತೇನೆ. ಯಾವ ತಂತ್ರಾಂಶ ತೆರೆಯುತ್ತಾರೆ, ಬ್ಯಾಂಕಿನ ಪುಟದಲ್ಲಿ ಪಾಸ್‌ವರ್ಡ್ ತಾನಾಗಿಯೇ ತುಂಬಿಕೊಳ್ಳುತ್ತದೆಯೇ, ಡಿಜಿಟಲ್ ಸಹಿಯ ಟೋಕನ್ ಇದೆಯೇ, ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಕಳೆದುಕೊಳ್ಳುವುದು ಮೇಲ್. ಮಂಡ್ಯದ ಹಿರಿಯ ವಕೀಲರೊಬ್ಬರ ಕಚೇರಿಗೆ ನಾನು ಹೋಗುವ ಹೊತ್ತಿಗೆ ಹೊಸ ಕಂಪ್ಯೂಟರ್ ಮಾರಿದವರೇ ಔಟ್‌ಲುಕ್ ಎಂಬ ಮೇಲ್ ತಂತ್ರಾಂಶಕ್ಕೆ ಅವರ ಖಾತೆಯನ್ನು ಸೇರಿಸಿ ಹೋಗಿದ್ದರು. ಪೆಟ್ಟಿಗೆಯಲ್ಲಿ ಇದ್ದದ್ದು ಹಿಂದಿನ ಎರಡು ವಾರದ ಪತ್ರಗಳು ಮಾತ್ರ. "ಇಷ್ಟು ವರ್ಷದ ಪತ್ರವ್ಯವಹಾರ ಎಲ್ಲಿ ಹೋಯಿತಪ್ಪಾ? ಕಕ್ಷಿದಾರರು ಕಳಿಸಿದ ದಾಖಲೆಗಳೆಲ್ಲ ಅದರಲ್ಲೇ ಇದ್ದವು" ಎಂದು ಅವರು ಕೇಳಿದಾಗ ಧ್ವನಿ ನಡುಗುತ್ತಿತ್ತು. ಹಳೆಯ ಯಂತ್ರ ವಿನಿಮಯಕ್ಕೆಂದು ಬಾಗಿಲ ಬಳಿ ಕಟ್ಟಿಟ್ಟಿತ್ತು. ಪುಣ್ಯಕ್ಕೆ ಇನ್ನೂ ಹೊರಟಿರಲಿಲ್ಲ.

ಆದದ್ದು ಇಷ್ಟು. ಅವರ ಖಾತೆ ಪಾಪ್ ವಿಧಾನದ್ದು. ಇದರಲ್ಲಿ ಮೇಲ್, ಸೇವೆ ಕೊಡುವವರ ಕಂಪ್ಯೂಟರ್ ಆದ ಸರ್ವರ್‌ನಿಂದ ನಮ್ಮ ಯಂತ್ರಕ್ಕೆ ಇಳಿಯುತ್ತದೆ. ಬೇರೆ ಆಯ್ಕೆ ಮಾಡದಿದ್ದರೆ ಔಟ್‌ಲುಕ್ 14 ದಿನಗಳ ಬಳಿಕ ಸರ್ವರ್‌ನಲ್ಲಿರುವ ಪ್ರತಿಯನ್ನು ಅಳಿಸಿಬಿಡುತ್ತದೆ. ಹಾಗಾಗಿ ವರ್ಷಗಳ ಪತ್ರಗಳೆಲ್ಲ ಆ ಹಳೆಯ ಡಿಸ್ಕಿನ ಒಂದೇ ಒಂದು ಪಿಎಸ್‌ಟಿ ಕಡತದಲ್ಲಿದ್ದವು, ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಐಮ್ಯಾಪ್ ವಿಧಾನವಾಗಿದ್ದರೆ ಚಿಂತೆಯಿರಲಿಲ್ಲ. ಅದರಲ್ಲಿ ಪತ್ರಗಳು ಸರ್ವರ್‌ನಲ್ಲೇ ಉಳಿಯುತ್ತವೆ, ಯಂತ್ರದಲ್ಲಿರುವ ಓಎಸ್‌ಟಿ ಕಡತ ಅದರ ನಕಲು ಮಾತ್ರ. ಅದನ್ನು ಹೊತ್ತು ತರುವ ಅಗತ್ಯವೇ ಇಲ್ಲ, ಹೊಸ ಯಂತ್ರದಲ್ಲಿ ಹೊಸದಾಗಿಯೇ ಹುಟ್ಟಿಕೊಳ್ಳುತ್ತದೆ. ಬಳಸುವವರ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವುದೇ ದೊಡ್ಡ ತೊಡಕು. ಖಾತೆಯ ಸೆಟ್ಟಿಂಗ್ಸ್ ತೆರೆದು ಪಾಪ್ ಎಂದಿದೆಯೋ ಐಮ್ಯಾಪ್ ಎಂದಿದೆಯೋ ಓದಿದ ಮೇಲೆಯೇ ಮುಂದಿನ ಕೆಲಸ.

ಪಿಎಸ್‌ಟಿ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನೊಳಗಿನ ಔಟ್‌ಲುಕ್ ಫೈಲ್ಸ್ ಎಂಬಲ್ಲಿರುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದು ಆ್ಯಪ್‌ಡೇಟಾ ಎಂಬ ಮರೆಯಾಗಿಟ್ಟ ಫೋಲ್ಡರ್‌ನಲ್ಲಿ ಸೇರಿಕೊಂಡಿರುತ್ತಿತ್ತು. ಥಂಡರ್‌ಬರ್ಡ್ ಎಂಬ ಇನ್ನೊಂದು ಮೇಲ್ ತಂತ್ರಾಂಶದ ಪ್ರೊಫೈಲ್ (ಪತ್ರ, ಸೆಟ್ಟಿಂಗ್ಸ್ ಎಲ್ಲ ಇರುವ ಫೋಲ್ಡರ್) ಇಂದಿಗೂ ಆ್ಯಪ್‌ಡೇಟಾದಲ್ಲೇ ಇರುತ್ತದೆ. ಬಿಡಿಬಿಡಿಯಾಗಿ ಆರಿಸಲು ಹೋಗದೆ ಅದನ್ನು ಇಡಿಯಾಗಿ ತರಬೇಕು, ಏಕೆಂದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳು ಒಂದು ಕಡತದಲ್ಲಿ, ಅವುಗಳನ್ನು ಬಿಡಿಸುವ ಕೀಲಿ ಇನ್ನೊಂದರಲ್ಲಿ ಇರುತ್ತವೆ. ನಕಲು ಮಾಡುವ ಮೊದಲು ಮೇಲ್ ತಂತ್ರಾಂಶವನ್ನು ಪೂರ್ತಿ ಮುಚ್ಚಬೇಕು. ಇನ್ನೊಂದು ಮಾತು: ದೊಡ್ಡ ಪಿಎಸ್‌ಟಿಯನ್ನು ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಜಾಗ ಬೇಕಾದಷ್ಟಿದ್ದರೂ ಅದು ಒಪ್ಪದಿರಬಹುದು. ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್‌ಗಳಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾದರಿಯ ಹಾರ್ಡ್ ಡಿಸ್ಕ್ ಒಯ್ದರೆ ಆ ತೊಂದರೆ ಇಲ್ಲ.

ವಕೀಲರಿಗೆ ಪತ್ರಗಳೆಲ್ಲ ಸಿಕ್ಕವು. ಆದರೆ "ಎರಡು ಅಕ್ಷರ ಒತ್ತಿದರೆ ಹೆಸರು ಬರುತ್ತಿತ್ತಲ್ಲ" ಎಂದರು. ಅದು ಸಂಪರ್ಕಗಳ ಪುಸ್ತಕವಲ್ಲ, ಔಟ್‌ಲುಕ್ ತಾನೇ ನೆನಪಿಟ್ಟುಕೊಳ್ಳುವ ಬೇರೆ ಪಟ್ಟಿ. ಪುಸ್ತಕ ತೆರೆದು ನೋಡಿದರೆ ಖಾಲಿ. ಕಳುಹಿಸಿದ ಪತ್ರಗಳನ್ನು ಇಬ್ಬರೂ ಕೂತು ನೋಡುತ್ತಾ ಬೇಕಾದ ವಿಳಾಸಗಳನ್ನು ಸಂಪರ್ಕಗಳಿಗೆ ಸೇರಿಸಿದೆವು. ಈಗ ಎಲ್ಲೆಡೆ ಇದನ್ನೇ ಮಾಡುತ್ತೇನೆ.

ನಮ್ಮ ಕಡೆ ಎದುರಾಗುವ ಒಂದು ಸಂಗತಿಯನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹಳೆಯ ಅರ್ಜಿ, ಕ್ರಯಪತ್ರದ ಕರಡು, ಶಾಲೆಯ ಸುತ್ತೋಲೆ ಇವೆಲ್ಲ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುತ್ತವೆ. ಅವು ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಸಂಕೇತದವಲ್ಲ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಕಡತ ತೆರೆಯುತ್ತದೆ, ಆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಕುವೆಂಪುನಗರದ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಬರಹಗಳೆಲ್ಲ ಹಾಳಾದವೆಂದು ಅಳುವಂತಾಗಿದ್ದರು. ಹಳೆಯ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿಯ ಫಾಂಟ್‌ಗಳನ್ನು ತಂದು ಹಾಕಿದ ಕೂಡಲೇ ಪುಟ ಕನ್ನಡವಾಯಿತು. ಬಿಡುವಾದಾಗ ಆ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ ಎಂದು ಒತ್ತಾಯಿಸಿ ಬಂದಿದ್ದೇನೆ.

ನಕಲಾಯಿತು ಎಂದರೆ ಕೆಲಸ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಒಡೆಯರೇ ಹೊಸ ಯಂತ್ರದಲ್ಲಿ ಅತಿ ಹಳೆಯ ಮೇಲ್ ಒಂದನ್ನು ಹುಡುಕಿ ಅದರ ಲಗತ್ತನ್ನು ತೆರೆಯಬೇಕು, ಒಂದು ಪತ್ರ ಕಳುಹಿಸಬೇಕು, ಒಂದು ಕನ್ನಡ ಕಡತವನ್ನು ಮುದ್ರಿಸಬೇಕು. ಅದಾದ ಮೇಲೂ ಹಳೆಯ ಯಂತ್ರವನ್ನು ಕನಿಷ್ಠ ಒಂದು ತಿಂಗಳು ಮುಟ್ಟದೆ ಇಡಿ ಎನ್ನುತ್ತೇನೆ, ಏಕೆಂದರೆ ತಿಂಗಳಿಗೊಮ್ಮೆ ಮಾತ್ರ ತೆರೆಯುವ ಲೆಕ್ಕದ ಕಡತಗಳಿರುತ್ತವೆ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಅದರ 48 ಅಂಕಿಯ ಮರುಪಡೆಯುವ ಕೀಲಿಯನ್ನು ಈಗಲೇ ಕಾಗದದಲ್ಲಿ ಬರೆದಿಡಿ. ಅದಿಲ್ಲದೆ ಆ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೂ ಪ್ರಯೋಜನವಿಲ್ಲ.

ವಿನಿಮಯದ ಕೊಡುಗೆ ಇವತ್ತೇ ಮುಗಿಯುತ್ತದೆ ಎಂದು ಅಂಗಡಿಯವರು ಅವಸರ ಮಾಡಿದರೆ, ಡಿಸ್ಕನ್ನು ಬಿಚ್ಚಿಕೊಂಡು ಉಳಿದದ್ದನ್ನು ಕೊಡಿ. ಅದಕ್ಕಾಗಿ ಸ್ವಲ್ಪ ಹಣ ಕಡಿಮೆ ಮಾಡಿದರೂ ಕೊಡಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕಿನ ವಿವರಗಳು, ಮನೆಯವರ ಫೋಟೊಗಳು ಅಳಿಸದ ಡಿಸ್ಕಿನಲ್ಲಿ ಹಾಗೆಯೇ ಮತ್ತೊಬ್ಬರ ಮೇಜಿಗೆ ಹೋಗಬಾರದು.